ಲುಂಗಿಯ ಗಂಟು ಕಾಯುವವಳು

ಮಾಂಡಲೆಯ ನಮ್ಮ ಬೀದಿಯಲ್ಲಿ ಮದುವೆ ಊಟವೇ ಇರಲಿ, ಸೇನ್ ಮ್ಯಾ ಅಕ್ಕ ನೆಕ್ಕಿ ಉಪ್ಪು ನೋಡಿದ ಮೇಲೆಯೇ ಸಾರು ಅವಳ ಗಂಡ ಥೇನ್ ಭಾವನ ಬಟ್ಟಲಿಗೆ ಬೀಳುತ್ತದೆ. ತೊಡೆಯ ರಕ್ತನಾಳದಲ್ಲಿ ನಳಿಗೆ ತೂರಿಸಿ ಭಾವನ ಹೃದಯಕ್ಕೆ ಹೊಸ ಕವಾಟ ಕೂರಿಸಿದ್ದಾರೆ. "ಕವಾಟ ಚೆನ್ನಾಗಿದೆ, ಆದ್ರೆ ಹೃದಯದ ಬಲಭಾಗ ಸೋತಿದೆ. ಅದು ಕೈಕೊಟ್ರೆ ಹೊಟ್ಟೇಲಿ ನೀರು ತುಂಬುತ್ತೆ, ಆಮೇಲೆ ಉಳಿಯೋದು ಕಷ್ಟ" ಎಂದಿದ್ದರು ಡಾಕ್ಟರು. ಅಂದಿನಿಂದ ದಿನಾ ಬೆಳಿಗ್ಗೆ ಭಾವ ಅವಳೆದುರೇ ಲುಂಗಿ ಕಟ್ಟಬೇಕು. ಹೊಟ್ಟೆ ಉಬ್ಬಿದರೆ ಗಂಟಿಗೆ ಬಟ್ಟೆ ಉಳಿಯುವುದಿಲ್ಲ; ಗಂಟು ಸಣ್ಣದಾದ ದಿನ ಸೀದಾ ಆಸ್ಪತ್ರೆ. "ನೋಡೇ, ಎಷ್ಟು ದೊಡ್ಡ ಗಂಟು!" ಎಂದು ಅವನು ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು ಬೀಗುತ್ತಾನೆ. "ಆಮೇಲೆ ಬೀದೀಗೆಲ್ಲ ತೋರ್ಸಿ ಬನ್ನಿ. ಮೊದ್ಲು ಉಸಿರು ಬಿಡಿ" ಎಂದು ಅವಳು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ. ಅವನು ಬಿಡುವವರೆಗೆ ಅವಳೂ ಉಸಿರಾಡುವುದಿಲ್ಲ.