ದನಿ ತಗ್ಗಿಸಿದ ಜಾಗ ಉಳಿಸುವ ಅಮೋಗಸಿದ್ಧ

ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬೆಳಕು ಹರಿಯುವ ಹೊತ್ತು. ರಾತ್ರಿ ಪಾಳಿಯ ಮಗ್ಗಗಳು ಈಗಷ್ಟೇ ನಿಂತಿವೆ, ಹಗಲು ಪಾಳಿಯವು ಇನ್ನೂ ಆಕಳಿಸುತ್ತಿವೆ. ಎರಡು 'ಖಟಾಖಟ್'ಗಳ ನಡುವಿನ ಈ ಚೂರು ಮೌನದಲ್ಲೇ ಅಮೋಗಸಿದ್ಧರ ಕೆಲಸ. ಕಾರಖಾನೆಯೊಂದರ ಹಿಂದಿನ ಒಂಟಿ ಕೋಣೆಯಲ್ಲಿ ಕೂತು ಅವರು ಹಳೆಯ ಕ್ಯಾಸೆಟ್‌ಗಳ ಹಾಡನ್ನು ಪೆನ್‌ಡ್ರೈವಿಗೆ ಇಳಿಸುತ್ತಾರೆ. ಇವತ್ತು ಅವರ ಮುಂದಿರುವ ಟೇಪು ನಡುವೆ ಹರಿದಿದೆ. ಅದರಲ್ಲಿರುವುದು ಹತ್ತಿರದ ಬೋರಾಮಣಿ ಊರಿನ ಸಾತವ್ವನ ತೀರಿಹೋದ ಗಂಡ ಸಿದ್ಧರಾಮರ ದನಿ. ಸಾತವ್ವ ಹೊಸ್ತಿಲಲ್ಲೇ ಕುಳಿತಿದ್ದಾರೆ, ಈ ಕೆಲಸ ನೋಡಲು ಬಂದ ನಾನು ಅವರ ಪಕ್ಕದಲ್ಲಿ.

"ಉಳೀತದೇನ್ರಿ, ಅಮೋಗಣ್ಣ?"

"ಹರದದ್ದು ಪಟ್ಟಿ ಅದ ಅಕ್ಕಾ, ದನಿ ಅಲ್ಲ. ಜರಾ ಥಾಂಬ್ರಿ, ತಡೀರಿ."

ಸಿದ್ಧರಾಮ ಬೋರಾಮಣಿ ಭಜನಾ ಮಂಡಳಿಯ ಮುಖ್ಯ ಹಾಡುಗಾರರಾಗಿದ್ದರು. ಕ್ಯಾಸೆಟ್ ಕಾಲದಲ್ಲಿ ಮಂಡಳಿ ಒಂದು ಆಲ್ಬಂ ತಂದಿತ್ತು. ಈಚೆಗೆ ಯಾರೋ ಅದನ್ನು 'ಹೊಸದು ಮಾಡಿ' ಮೊಬೈಲಿಗೆ ಬಿಟ್ಟಿದ್ದಾರೆ. ಹೊಸದೆಂದರೆ ಹೇಗೆ? ಏರಿಳಿತದಲ್ಲಿ ಏರು ಮಾತ್ರ ಡ್ಯೂಟಿ ಮೇಲಿದೆ, ಇಳಿತಕ್ಕೆ ಕಾಯಂ ರಜೆ. ತಾಳ, ತಬಲಾ, ಹಾರ್ಮೋನಿಯಂ ಪೇಟಿ, ಹಾಡುಗಾರ ಎಲ್ಲರೂ ಹೋಟಗಿ ಜಂಕ್ಷನ್‌ನಲ್ಲಿ ಗಾಡಿ ತಪ್ಪಿದವರಂತೆ ಒಟ್ಟಿಗೆ ಒದರುತ್ತಾರೆ. ಹಳೆಯದರಲ್ಲಿ ಹಾಗಲ್ಲ. ಕೊನೆಯ ಭಜನೆಯಲ್ಲಿ ಸಿದ್ಧರಾಮ ದನಿ ತಗ್ಗಿಸುತ್ತಾರೆ, ತಾಳ ದೂರ ಸರಿಯುತ್ತದೆ, ಆಮೇಲೆ ಇಡೀ ಮಂಡಳಿ ಒಮ್ಮೆಲೇ ಎದ್ದು ಬರುತ್ತದೆ. ಆ ಹಳೆಯ ರೂಪದಲ್ಲಿ ಉಳಿದಿರುವುದು ಸಾತವ್ವನ ಈ ಒಂದೇ ಕ್ಯಾಸೆಟ್.

"ಮೊಬೈಲದಾಗ ನಮ್ಮ ಮನಿಯವರು ಜಗಳಾ ತಗದಂಗ ಹಾಡ್ತಾರ್ರಿ," ಎನ್ನುತ್ತಾರೆ ಸಾತವ್ವ. "ಇದ್ದಾಗ ನನ್ನ ಮ್ಯಾಲ ಒಮ್ಮಿನೂ ದನಿ ಏರಸಲಿಲ್ಲ. ಸತ್ತ ಮ್ಯಾಲ ಒದರತಾರಂದ್ರ ಹೆಂಗ ನಂಬಲಿ?"

ಈ ಕ್ಯಾಸೆಟ್‌ನಿಂದ ಅಮೋಗಸಿದ್ಧರು ಇಳಿಸಿದ ಮೊದಲ ಪ್ರತಿಯೂ ಕೆಟ್ಟಿತ್ತು. ಮೀಸೆ ಮೂಡುವ ಮೊದಲೇ ಟಾವೆಲ್ ಮಗ್ಗದ ಮುಂದೆ ನಿಂತವರು ಅವರು, ಆ ಕಾರಖಾನೆ ಮುಚ್ಚುವ ತನಕ ಅಲ್ಲೇ ಇದ್ದವರು. ಮಗ್ಗದವರ ಕಿವಿಗೆ ಮೆಲ್ಲನೆಯ ಸದ್ದು ತಾಗುವುದಿಲ್ಲ. ಸಿದ್ಧರಾಮ ದನಿ ತಗ್ಗಿಸಿದ ಕಡೆ, ರೆಕಾರ್ಡಿಂಗೇ ಬಿದ್ದಿದೆ ಎಂದುಕೊಂಡು ಇವರು ಏರಿಸಿಬಿಟ್ಟರು. ಸಾತವ್ವ ಕೇಳಿ ವಾಪಸು ತಂದರು.

ಹೆಂಡತಿ ಗಂಗುಬಾಯಿ ಸುಮ್ಮನಿರುತ್ತಾರೆಯೇ? "ಕಿವಿ ಕಾರಖಾನ್ಯಾಗ ಜಮಾ ಮಾಡಿ ಬಂದೀರಿ. ಮತ್ತ ಅಳತಿಗಿ ಅದ ಕಿವಿ ಯಾಕ ಹಿಡೀತೀರಿ?"

ಅಂದಿನಿಂದ ಪದ್ಧತಿ ಬದಲಾಗಿದೆ. ಮಂಡಳಿ ಎಲ್ಲಕ್ಕಿಂತ ಜೋರಾಗಿ ಹಾಡುವ ಕಡೆ ದನಿ ಒಡೆಯದಂತೆ ಒಮ್ಮೆ ಮಟ್ಟ ಹೊಂದಿಸುತ್ತಾರೆ. ಆಮೇಲೆ ದನಿ ಏರಿಸುವ ಗುಂಡಿ ಮುಟ್ಟುವಂತಿಲ್ಲ. ಕೇಳುವ ಕೆಲಸ ಗಂಗುಬಾಯಿಯದು. ನಿನ್ನೆ ಹಾಗೆ ಎರಡನೇ ಸಲ ಓಡಿಸುವಾಗಲೇ ಹಳೆಯ ಟೇಪು ಹರಿಯಿತು.

ಈಗ ಮಗ್ಗವೇ ಕೈ ಹಿಡಿಯುತ್ತದೆ. ಕಡಿದ ನೂಲು ಹುಡುಕಿ ಜೋಡಿಸುತ್ತಿದ್ದ ಬೆರಳುಗಳು ಟೇಪಿನ ಎರಡೂ ತುದಿಯನ್ನು ಓರೆಯಾಗಿ ಕತ್ತರಿಸಿ, ಒಂದಕ್ಕೊಂದು ತಾಗಿಸಿ, ಹಿಂದಿನಿಂದ ತೆಳ್ಳನೆಯ ಅಂಟುಪಟ್ಟಿ ಕೂಡಿಸುತ್ತವೆ. "ನೂಲಿಗಿ ಗಂಟ ನಡೀತದ್ರಿ, ಇದಕ ನಡಿಯಂಗಿಲ್ಲ. ಅಷ್ಟ ಫರಕ," ಎನ್ನುತ್ತಾರೆ. ಯಾವ ಮಂಡಳಿಯ ತಾಳ ತಪ್ಪಿದರೂ ಇವರ ತಾಳ್ಮೆ ತಪ್ಪದು.

ಟೇಪು ಓಡುತ್ತದೆ. ಬೆಸುಗೆ ದಾಟುತ್ತದೆ. ಗಂಗುಬಾಯಿ ತಲೆಯಾಡಿಸುತ್ತಾರೆ. ಕೊನೆಯ ಭಜನೆ ಬಂದು ದನಿ ತಗ್ಗುತ್ತದೆ. ಅಮೋಗಸಿದ್ಧರಿಗೆ ಈಗ ಏನೂ ಕೇಳಿಸುತ್ತಿಲ್ಲ. ಅವರು ಕೈಕಟ್ಟಿಕೊಂಡು ಸಾತವ್ವನ ಮುಖ ನೋಡುತ್ತಿದ್ದಾರೆ. ಸಾತವ್ವ ಸೆರಗು ಸರಿಪಡಿಸಿಕೊಂಡು, ಯಾರೋ ಎದುರಿಗೆ ಬಂದು ಕೂತಂತೆ, ತುಸು ಮುಂದಕ್ಕೆ ಬಾಗುತ್ತಾರೆ.

"ಇವರು ನೋಡ್ರಿ ನಮ್ಮವರು," ಎನ್ನುತ್ತಾರೆ. ಚೀಲದಿಂದ ಗರಿಗರಿ ಜೋಳದ ಕಟಕ ಭಕ್ಕರಿ, ಶೇಂಗಾ ಚಟ್ನಿ ತೆಗೆದು ಗಂಗುಬಾಯಿಯ ಕೈಗಿಡುತ್ತಾರೆ. "ನಿಮ್ಮ ಉಪಕಾರ ಹೆಂಗ ಮರೀಲಿ?"

ನೀವೇ ಉಳಿಸಿದ ಜಾಗ ನಿಮಗೇ ಕೇಳಿಸದಿದ್ದರೆ ಬೇಸರವಾಗುವುದಿಲ್ಲವೇ ಎಂದು ಅಮೋಗಸಿದ್ಧರನ್ನು ಕೇಳುತ್ತೇನೆ. ಅವರು ನಗುತ್ತಾರೆ.

"ಅವರು ಹಾಡಿದ್ದು ನನಗಂತ ಅಲ್ರಿ. ಯಾರಿಗಿ ಹಾಡಿದ್ರೋ ಅವರಿಗಿ ಮುಟ್ಟೇದ."