ಪಂಪಿನೊಳಗಿನ ಹೆರಳು

ಕಂಪ್ಲಿಯ ಕೊಟ್ರಯ್ಯನ ಅಕ್ಕಿ ಗಿರಣಿಯಿಂದ ಎರ್ರೆಮ್ಮನಿಗೆ ಹನ್ನೆರಡು ರೂಪಾಯಿ ಆರಾಣೆ ಬರಬೇಕು. ದಿನಕ್ಕೆ ಮೂರಾಣೆ, ವಾರಕ್ಕೆ ಆರು ದಿನ. ಈ ಮೂವತ್ತೆಂಟನೇ ಇಸವಿಯ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಹನ್ನೊಂದು ವಾರದ ಕೂಲಿ. ಇವತ್ತಿಗೂ ಬಂದಿಲ್ಲ. ಯಾಕೆ ಬಂದಿಲ್ಲ ಎಂದು ಹೇಳಬೇಕಾದರೆ ಜಡೆಪ್ಪ ಎಂಬ ಫಿಟ್ಟರನ ಹೊಟ್ಟೆಕಿಚ್ಚಿನಿಂದಲೇ ಶುರು ಮಾಡಬೇಕು.

ಜಡೆಪ್ಪ ಹೊಸಪೇಟೆಯವನು. ಎಣ್ಣೆ ಇಂಜಿನ್ ಮಾರುವ ಮದ್ರಾಸಿನ ಒಂದು ಕಂಪನಿಗೆ ಈ ಸೀಮೆಯ ತಿರುಗಾಟದ ಫಿಟ್ಟರು. ಒಂದು ಸೈಕಲ್ಲು, ಹಿಂದೆ ಕಟ್ಟಿದ ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ಸುತ್ತಿದ ಚಾಪೆ. ಹಂಪಿಯ ಬಾಳೆ ತೋಟದ ಪಂಪು, ಸಂಡೂರಿನ ಹಿಟ್ಟಿನ ಗಿರಣಿ, ಬಂಡ್ರಿಯ ಎಣ್ಣೆ ಗಾಣ, ಕಂಪ್ಲಿಯ ಅಕ್ಕಿ ಗಿರಣಿ, ಎಲ್ಲಿ ಇಂಜಿನ್ ಕೆಟ್ಟರೂ ಅವನೇ ಹೋಗಬೇಕು. ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿ ಇರುತ್ತಿರಲಿಲ್ಲ. ಅವನ ಹೆಂಡತಿ ಪಂಪಮ್ಮ ಧೋತರ ನೆನೆಹಾಕುವಾಗಲೇ ಗಂಡ ಎಲ್ಲಿಗೆ ಹೋಗಿದ್ದ ಎಂದು ಹೇಳುತ್ತಿದ್ದಳು. ನೀರು ಕೆಂಪಾದರೆ ಸಂಡೂರು, ಬಾಳೆಯ ಕರೆ ಬಿಡದಿದ್ದರೆ ಹಂಪಿ, ಮೇಲೆ ತೌಡು ತೇಲಿದರೆ ಕಂಪ್ಲಿ.

ಊರೂರು ತಿರುಗುವವನಿಗೆ ಸ್ವಂತದ್ದು ಅಂತ ಏನೂ ಇರುವುದಿಲ್ಲ. ಊಟ ಖಾನಾವಳಿಯದು, ಹಾಸಿಗೆ ಗಿರಣಿಯ ಖಾಲಿ ಚೀಲದ್ದು. ಜಡೆಪ್ಪ ಸ್ವಂತದ್ದು ಅಂದುಕೊಂಡಿದ್ದು ಇಂಜಿನ್ನುಗಳನ್ನು. ಒಂದೊಂದು ರಿಪೇರಿ ಮುಗಿದಾಗಲೂ ಕೈ ತೊಳೆದು ಬಂದು ಸಿಲಿಂಡರಿನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದ. ಅದು ಅವನ ರುಜು. ಮುಂದಿನ ಸಲ ಬಂದಾಗ ಮೊದಲು ನೋಡುತ್ತಿದ್ದದ್ದೂ ಅದನ್ನೇ. ಗೆರೆ ಅಳಿಸಿದ್ದರೆ ಇಂಜಿನ್ ಓಡಿಸುವ ಡ್ರೈವರನಿಗೆ ಅವತ್ತು ಬೈಗುಳ ಖಾತ್ರಿ.

ಎಲ್ಲಕ್ಕಿಂತ ಅವನಿಗೆ ಇಷ್ಟವಾದದ್ದು ಕಂಪ್ಲಿಯ ಹದಿನಾರು ಕುದುರೆ ಶಕ್ತಿಯ ಇಂಜಿನ್ನು. ಅದು ಚೆನ್ನಾಗಿ ಓಡುತ್ತಿತ್ತು ಅಂತಲ್ಲ, ಪದೇ ಪದೇ ಕೆಡುತ್ತಿತ್ತು ಅಂತ. ಇಂಜಿನ್ ತಣಿಸಲು ನೀರು ಎತ್ತುವ ಪಂಪೊಂದಿದೆಯಲ್ಲ, ಅದರ ಅಚ್ಚು ತಿರುಗುವ ಸಂದಿಯಲ್ಲಿ ನೀರು ಸೋರದಂತೆ ದಾರದ ಸುತ್ತು ತುಂಬಿರುತ್ತಾರೆ. ಪ್ಯಾಕಿಂಗ್ ಅನ್ನುತ್ತಾರೆ. ಕಂಪನಿ ಕಳಿಸುತ್ತಿದ್ದ ಪ್ಯಾಕಿಂಗು ಆ ಪಂಪಿಗೆ ಹದಿನೈದು ದಿನವೂ ತಡೆಯುತ್ತಿರಲಿಲ್ಲ. ನೀರು ಸೋರಿ, ಇಂಜಿನ್ ಕಾದು, ಗಿರಣಿ ನಿಲ್ಲುತ್ತಿತ್ತು. ಡ್ರೈವರ್ ಮೂಕಣ್ಣ ಹೊಸಪೇಟೆಗೆ ಕಾರ್ಡು ಹಾಕುತ್ತಿದ್ದ. ಜಡೆಪ್ಪ ಸೈಕಲ್ ಇಳಿಯುವ ಹೊತ್ತಿಗೆ ಅಂಗಳದಲ್ಲಿ ಮೂವತ್ತು ನಲವತ್ತು ಗಾಡಿ ನಿಂತಿರುತ್ತಿದ್ದವು. ಭತ್ತ ತಂದವರೆಲ್ಲ ಎದ್ದು ದಾರಿ ಬಿಡುತ್ತಿದ್ದರು. ಸಾಹುಕಾರ ಕೊಟ್ರಯ್ಯ ಸ್ವತಃ ಕಾಫಿ ತರಿಸುತ್ತಿದ್ದ. ಹೊಸ ಪ್ಯಾಕಿಂಗು ತುಂಬಿ, ಚಕ್ರ ತಿರುವಿ, ಇಂಜಿನ್ ಉಸಿರಾಡತೊಡಗಿದಾಗ ಇಡೀ ಅಂಗಳ ಅವನ ಕಡೆ ನೋಡುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಸಿಗುವ ಆ ನೋಟಕ್ಕಾಗಿ ಉಳಿದ ಹದಿನಾಲ್ಕು ದಿನದ ಧೂಳು ಕುಡಿಯುತ್ತಿದ್ದ ಮನುಷ್ಯ ಅವನು.

ಸಂಕ್ರಾಂತಿ ಕಳೆದ ಮೇಲೆ ಕಂಪ್ಲಿಯಿಂದ ಕಾರ್ಡು ಬರಲಿಲ್ಲ. ಹದಿನೈದು ದಿನ ಆಯಿತು, ತಿಂಗಳಾಯಿತು. ಜಡೆಪ್ಪ ಅಂಚೆಯವನನ್ನು ದಾರಿಯಲ್ಲೇ ನಿಲ್ಲಿಸಿ ಕೇಳತೊಡಗಿದ. ಶಿವರಾತ್ರಿ ಮುಗಿಯುವುದರೊಳಗೆ ತಡೆಯಲಾಗದೆ ಕರೆಯದಿದ್ದರೂ ಹೊರಟ.

ಗಿರಣಿ ಇನ್ನೂ ಎರಡು ಫರ್ಲಾಂಗ್ ಇರುವಾಗಲೇ ಇಂಜಿನ್ನಿನ ಸದ್ದು ಕೇಳಿತು. ತಡವರಿಕೆ ಇಲ್ಲ, ಕೆಮ್ಮಿಲ್ಲ. ತಾನು ರಿಪೇರಿ ಮಾಡಿದ ಮರುದಿನವೂ ಅದು ಅಷ್ಟು ನೆಮ್ಮದಿಯಿಂದ ಓಡಿದ್ದನ್ನು ಅವನು ಕೇಳಿರಲಿಲ್ಲ.

"ಏನ್ ಮಿಸ್ತ್ರಿ, ಕರೀದ ಬಂದೀಯಲ್ಲ?" ಎಂದ ಕೊಟ್ರಯ್ಯ, ಗಲ್ಲಾದ ಹಿಂದಿನಿಂದ ಏಳದೆ. ಕಾಫಿ ಬರಲಿಲ್ಲ.

"ಹಿಂಗ ಹಾದು ಹೊಂಟಿದ್ದೆರಿ. ನೋಡಿ ಹೋಗೂಣು ಅಂತ."

"ನೋಡಪಾ ನೋಡು. ನಿನ್ನ ಕೈಗುಣ ಭಾಳ ಚಲೋ ಆತು ನೋಡು ಈ ಸಲ. ಒಂದಿನ ನಿಂತಿಲ್ಲ."

ಆ ಹೊಗಳಿಕೆ ಜಡೆಪ್ಪನಿಗೆ ಚಪ್ಪಲಿಯಲ್ಲಿ ಹೊಡೆದಂತಾಯಿತು. ಮಧ್ಯಾಹ್ನ ಇಂಜಿನ್ ನಿಲ್ಲಿಸಿದಾಗ ಮೂಕಣ್ಣನನ್ನು ನೀರಿಗೆ ಕಳಿಸಿ ಪಂಪಿನ ಸಂದಿ ಬಿಚ್ಚಿದ. ಒಳಗಿದ್ದದ್ದು ಕಂಪನಿಯ ಪ್ಯಾಕಿಂಗು ಅಲ್ಲ. ಹತ್ತಿ ದಾರದ ಮೂರು ಎಳೆ ತೆಗೆದು ಒತ್ತಾಗಿ ಹೆಣೆದ ಹೆರಳು, ಔಡಲ ಎಣ್ಣೆ ಕುಡಿದು ಮೇಣದ ಹಾಗೆ ಮೆತ್ತಗಾಗಿತ್ತು. ಒಂದು ಹನಿ ನೀರು ಹೊರಗೆ ಬಂದಿರಲಿಲ್ಲ. ತುದಿಗೆ ಪುಟ್ಟದೊಂದು ಗಂಟು. ಜಡೆಪ್ಪ ಅದನ್ನು ಬೆರಳಲ್ಲಿ ಒತ್ತಿ ನೋಡಿದ, ಮೂಸಿ ನೋಡಿದ. ಬೇರೆ ಯಾವನದೋ ಕೈ ತನ್ನ ಇಂಜಿನ್ನಿನೊಳಗೆ ಬಂದು ಹೋಗಿತ್ತು. ಹೊರಗೆ ತನ್ನ ವಿಭೂತಿ ಹಾಗೇ ಇತ್ತು. ಅದು ಇನ್ನೂ ಉರಿಸಿತು.

"ಯಾರಲೇ ಇದನ್ನ ಮಾಡಿದ್ದು?" ಎಂದು ಮೂಕಣ್ಣನನ್ನು ಕೇಳಿದ.

"ನಾನರಿ... ನಂಗೇನ್ ಗೊತ್ತು ಮಿಸ್ತ್ರೆಪ್ಪ. ಓಡಾಕಹತ್ತೈತಿ, ಓಡಸ್ತೀನಿ," ಎಂದ ಮೂಕಣ್ಣ ಕೊಡದ ಕಡೆ ನೋಡುತ್ತ.

ಇಂಥ ಹೆಣಿಗೆ ಮಾಡುವ ಗಂಡಸು ಈ ಸೀಮೆಯಲ್ಲಿ ಒಬ್ಬನೇ ಎಂದು ಜಡೆಪ್ಪ ತೀರ್ಮಾನಿಸಿದ. ಸಂಡೂರಿನ ಅಂದಾನಪ್ಪ. ಮ್ಯಾಂಗನೀಸ್ ಗಣಿಯಲ್ಲಿ ಹಗ್ಗ ರಾಟೆಯ ಕೆಲಸ ಮಾಡಿ ಬಿಟ್ಟವನು, ಈಗ ಕಂಪನಿಯ ಅರ್ಧ ದರಕ್ಕೆ ಅಲ್ಲಿ ಇಲ್ಲಿ ಇಂಜಿನ್ ಬಿಚ್ಚುತ್ತಾನೆಂಬ ಸುದ್ದಿ ಇತ್ತು. ಗಂಡಸು ಎಂದೇ ಯೋಚಿಸಿದ್ದು ಜಡೆಪ್ಪನ ತಪ್ಪು. ಸುತ್ತಿಗೆ, ಸ್ಪ್ಯಾನರ್ ಹಿಡಿದ ಹೆಂಗಸನ್ನು ಅವನು ಕಂಡಿರಲಿಲ್ಲ. ಹೆರಳನ್ನು ಮಾತ್ರ ದಿನಾ ಮನೆಯಲ್ಲಿ ಕಾಣುತ್ತಿದ್ದ, ಆದರೂ ಹೊಳೆಯಲಿಲ್ಲ.

ಮನೆಗೆ ಬಂದವನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

"ಯಾಕ್ರಿ, ಇಟ್ಟುಕೊಂಡಾಕಿ ಮನಿಯಾಗ ಬ್ಯಾರೆಯವನ ಚಪ್ಪಲಿ ಕಂಡೋರಂಗ ಕುಂತೀರಲ್ಲ?" ಎಂದಳು ಪಂಪಮ್ಮ ರೊಟ್ಟಿ ಬಡಿಯುತ್ತ.

"ಬಾಯಿ ಮುಚ್ಚಿ ರೊಟ್ಟಿ ಹಾಕು."

"ನನ್ನ ಯಾರಾರ ಹೊತ್ತುಕೊಂಡು ಹೋದರೂ ಇಷ್ಟು ಮಕ ಬಾಡಸ್ತಿರಲಿಲ್ಲ ನೀವು," ಎಂದು ಅವಳು ರೊಟ್ಟಿ ತಿರುವಿಹಾಕಿದಳು.

ಮರುವಾರ ಸಂಡೂರಿಗೆ ಹೋದಾಗ ಜಡೆಪ್ಪ ಅಂದಾನಪ್ಪನನ್ನು ಚಹಾದಂಗಡಿಯಲ್ಲಿ ಹಿಡಿದ. ಹೆರಳಿನ ತುದಿಯಿಂದ ಕತ್ತರಿಸಿ ಜೇಬಿನಲ್ಲಿ ತಂದಿದ್ದ ತುಂಡನ್ನು ಬೆಂಚಿನ ಮೇಲಿಟ್ಟ.

"ಇದು ಯಾರ ಕೆಲಸ, ಹೇಳು ನೋಡೂಣು."

ಅಂದಾನಪ್ಪ ಅದನ್ನು ಎತ್ತಿಕೊಂಡು ಎಳೆದು ನೋಡಿದ. "ಮಸ್ತ್ ಐತಿ. ಯಾರ ಮಾಡ್ಯಾರೋ, ಅವರ ಕೈಗೆ ಬಂಗಾರದ ಕಡಗ ಹಾಕಬೇಕು."

"ನಾಟಕ ಬ್ಯಾಡ. ಕಂಪ್ಲಿಗೆ ನೀ ಹೋಗಿದ್ದಿ."

"ದಸರೆಯಿಂದ ನಾ ಈ ಗುಡ್ಡ ಇಳದಿಲ್ಲೋ ಮಾರಾಯ. ಮತ್ತ ಇದು ನನ್ನ ಕೆಲಸ ಅಂತ ಹೆಂಗ ಅಂದಿ? ಹಗ್ಗದ ಕೆಲಸದಾಗ ಹುರಿ ಹಾಕ್ತೀವಿ, ಹಿಂಗ ಹೆಣಿಯೂದಿಲ್ಲ. ಕಣ್ಣು ಐತಿಲ್ಲೋ ನಿನಗ?"

ಹೇಳಿದ್ದು ನಿಜ. ಜಡೆಪ್ಪನಿಗೂ ಗೊತ್ತಿದ್ದ ಮಾತೇ. ಆದರೆ 'ಬಂಗಾರದ ಕಡಗ' ಅಂದದ್ದು ಕಿವಿಯಲ್ಲಿ ಕೂತುಬಿಟ್ಟಿತ್ತು. ತನ್ನನ್ನು ತಾನೇ ಹೊಗಳಿಕೊಳ್ಳುತ್ತಾನೆ ಬೇವಾರ್ಸಿ ಎಂದುಕೊಂಡ. ಗುಡ್ಡ ಇಳಿಯುವಾಗ ಉದ್ದಕ್ಕೂ ಸೈಕಲ್ಲಿಗೆ ಬ್ರೇಕ್ ಹಿಡಿಯುವುದನ್ನೂ ಮರೆತು ಅದನ್ನೇ ಮೆಲುಕು ಹಾಕಿದ.

ಯುಗಾದಿಯ ಹಿಂದಿನ ದಿನ ಕಂಪನಿಯ ವರ್ಷದ ತಪಾಸಣೆಗೆಂದು ಕಂಪ್ಲಿಗೆ ಹೋದ. ಹೆರಳು ಕಿತ್ತು ಮೂಲೆಗೆ ಎಸೆದ. ಕಂಪನಿಯ ಪ್ಯಾಕಿಂಗು ತುಂಬಿದ. ವಿಭೂತಿ ಎಳೆದ, ಈ ಸಲ ಸ್ವಲ್ಪ ದಪ್ಪಗೆ. ಆಮೇಲೆ ಚೀಟಿ ಪುಸ್ತಕ ತೆಗೆದು ಬರೆದ: 'ಅನಧಿಕೃತ ಕೈ ಪಂಪನ್ನು ಬಿಚ್ಚಿದೆ. ಇಂಜಿನ್ನಿಗೆ ಧಕ್ಕೆಯಾಗುವ ಸಂಭವ. ಆ ವ್ಯಕ್ತಿಯನ್ನು ದೂರ ಇಡದಿದ್ದರೆ ಕಂಪನಿ ಹೊಣೆಯಲ್ಲ.' ಹಾಗೆ ಬರೆದರೆ ಅಂದಾನಪ್ಪನಿಗೆ ಕಂಪ್ಲಿಯ ಬಾಗಿಲು ಮುಚ್ಚುತ್ತದೆ ಎಂಬುದು ಅವನ ಲೆಕ್ಕ. ಧಕ್ಕೆ ಏನೂ ಆಗಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಬರೆದ.

ಅವನು ಚೀಟಿ ಕೊಟ್ಟು ಸೈಕಲ್ ಹತ್ತಿ ಹೋದ ಮೇಲೆ ಕೊಟ್ರಯ್ಯ ಮೂಕಣ್ಣನ ಕೊರಳಪಟ್ಟಿ ಹಿಡಿದ. ಮೂಕಣ್ಣ ತನ್ನ ಕೆಲಸ ಉಳಿಸಿಕೊಳ್ಳಲು ಬೆರಳು ತೋರಿಸಿದ. ಅಂಗಳದಲ್ಲಿ ಬೇಯಿಸಿದ ಭತ್ತ ಹರವುತ್ತಿದ್ದ ಎರ್ರೆಮ್ಮನ ಕಡೆಗೆ.

ಎರ್ರೆಮ್ಮನಿಗೆ ನಲವತ್ತರ ವಯಸ್ಸು. ಒಂಬತ್ತು ವರ್ಷದಿಂದ ಆ ಅಂಗಳದಲ್ಲಿ ಭತ್ತ ಹರವಿ, ಕಾಲಲ್ಲಿ ಗೆರೆ ಎಳೆದು, ತಿರುವಿಹಾಕುತ್ತಿದ್ದವಳು. ಇಂಜಿನ್ ನಿಂತರೆ ಆ ದಿನದ ಕೂಲಿ ಇಲ್ಲ, ಅದು ಗಿರಣಿಯ ಕಾನೂನು. ಅದಕ್ಕೇ ಅವಳ ಕಿವಿ ಸದಾ ಇಂಜಿನ್ನಿನ ಮೇಲಿರುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಪಂಪು ಸೋರಿದಾಗ ಮೂಕಣ್ಣನಿಗೆ ಕಾರ್ಡು ಹಾಕಬೇಡ ಅಂದು, ಹಳೆ ಸೀರೆಯ ಸೆರಗಿನ ದಾರ ಬಿಚ್ಚಿ, ಮಗಳ ತಲೆ ಹೆಣೆದಂತೆ ಹೆಣೆದು ಕೊಟ್ಟವಳು ಅವಳೇ. ಕೂಲಿಯನ್ನು ಹಂಗಾಮು ಮುಗಿದ ಮೇಲೆ ಒಟ್ಟಿಗೆ ಕೊಡುವುದು, ಅಲ್ಲಿಯವರೆಗೆ ವಾರಕ್ಕಿಷ್ಟು ನುಚ್ಚು, ಹೀಗಿತ್ತು ರೂಢಿ. ಅವಳ ಕೂಲಿ ಕೊಡುವ ಹೊತ್ತಿಗೆ ಕೊಟ್ರಯ್ಯ ಜಡೆಪ್ಪನ ಚೀಟಿ ಮುಂದೆ ಹಿಡಿದ. "ಇಂಜಿನ್ ಕೆಡಿಸಿದ ನುಕ್ಸಾನಿಗೆ ನಿನ್ನ ಕೂಲಿ ಮುರಕೊಂಡೀನಿ. ನಡಿ ಇನ್ನ," ಎಂದ.

ಹದಿನಾಲ್ಕೇ ದಿನಕ್ಕೆ ಕಾರ್ಡು ಬಂತು. 'ಇಂಜಿನ್ ನಿಂತೈತಿ, ಜಲ್ದಿ ಬರ್ರಿ.' ಜಡೆಪ್ಪ ಮದುವೆಗೆ ಹೊರಟವನಂತೆ ಹೊರಟ. ಅಂಗಳದಲ್ಲಿ ಎರಡನೇ ಬೆಳೆಯ ಗಾಡಿಗಳು ನಿಂತಿದ್ದವು. ಜನ ಎದ್ದರು, ಕಾಫಿಯೂ ಬಂತು. ಪ್ಯಾಕಿಂಗು ಬದಲಿಸಿದ. ಸೋರಿತು. ಬಿಚ್ಚಿ ಮತ್ತೆ ತುಂಬಿದ. ಸೋರಿತು. ಪಂಪಿನ ಅಚ್ಚು ಸವೆದು ಸೊಟ್ಟಗಾಗಿತ್ತು, ಕಂಪನಿಯ ಗಟ್ಟಿ ಪ್ಯಾಕಿಂಗು ಅದಕ್ಕೆ ಒಗ್ಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗಳದ ಜನ ಅವನ ಕಡೆ ನೋಡುವುದನ್ನು ಬಿಟ್ಟು ತಮ್ಮ ತಮ್ಮಲ್ಲೇ ನಗತೊಡಗಿದರು.

"ಅಂದಾನಪ್ಪನ್ನ ಕರಸು ಹಂಗಾರ," ಎಂದ ಜಡೆಪ್ಪ ಮೂಕಣ್ಣನಿಗೆ, ಹಲ್ಲು ಕಡಿದು.

"ಯಾವ ಅಂದಾನಪ್ಪರಿ?" ಎಂದ ಮೂಕಣ್ಣ. ಆಮೇಲೆ ತಲೆ ತಗ್ಗಿಸಿ ಎಲ್ಲ ಹೇಳಿದ.

ಜಡೆಪ್ಪನಿಗೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವನಿಗೆ ಆದದ್ದು ಇನ್ನೂ ದೊಡ್ಡ ಹೊಟ್ಟೆಯುರಿ. ಅಂದಾನಪ್ಪ ಗೆದ್ದಿದ್ದರೆ ಫಿಟ್ಟರಿಗೆ ಫಿಟ್ಟರು ಸೋತಂತೆ. ಭತ್ತ ಹರವುವವಳ ಮುಂದೆ ಸೋಲುವುದು ಹೇಗೆ? ಆದರೂ ಗಾಡಿಗಳು ನಿಂತಿದ್ದವು. ಎದ್ದು ಅವಳ ಗುಡಿಸಲಿಗೆ ನಡೆದ.

ಎರ್ರೆಮ್ಮ ಬಾಗಿಲಲ್ಲಿ ಕೂತು ಕಂಡವರ ಕಡಲೆ ಬಿಡಿಸುತ್ತಿದ್ದಳು.

"ಬರ್ರಿ ಮಿಸ್ತ್ರಿ. ಕುಂದ್ರಿ. ನಿಮ್ಮ ಚೀಟಿ ಭಾಳ ಖಡಕ್ ಬರದಿದ್ರಂತ. ನಂಗ ಓದಾಕ ಬರೂದಿಲ್ಲ, ಸಾವ್ಕಾರ ಓದಿ ಹೇಳಿದ."

"ನೀನು ಅಂತ ನಂಗ ಗೊತ್ತಿರಲಿಲ್ಲ."

"ಗೊತ್ತಿದ್ರ ಬರೀತಿರಲಿಲ್ಲೇನು?"

ಜಡೆಪ್ಪ ಕೈಗೆ ಹತ್ತಿದ ಎಣ್ಣೆಯನ್ನು ಧೋತರಕ್ಕೆ ಒರೆಸಿಕೊಂಡ.

"ಮತ್ತ ಈಗ ಯಾಕ ಬಂದೀರಿ? ಪಂಪು ಸೋರಾಕಹತ್ತೈತಿ. ಗೊತ್ತೈತಿ ಬಿಡ್ರಿ, ಇಲ್ಲೇ ಕುಂತು ಸದ್ದು ಕೇಳೀನಿ. ಹೆಣದು ಕೊಡ್ತೀನಿ. ಮೊದಲ ನೀವು ಬರೀರಿ, ಇಂಜಿನ್ನಿಗೆ ಎರ್ರೆಮ್ಮನ ಕೈಯಿಂದ ಧಕ್ಕಿ ಆಗಿಲ್ಲ ಅಂತ. ನನ್ನ ಹೆಸರು ಹಾಕಿ ಬರೀರಿ."

ಜಡೆಪ್ಪ ಚೀಟಿ ಪುಸ್ತಕ, ಪೆನ್ಸಿಲ್ ತೆಗೆದ. 'ಧಕ್ಕೆ ಆಗಿಲ್ಲ' ಎಂಬುದು ಬೇಗ ಬಂತು. ಹೆಸರು ಬರೆಯಲು ಕೈ ಓಡಲಿಲ್ಲ. ಕಡೆಗೆ ಬರೆದ. ಅದನ್ನು ಪಕ್ಕದ ಮನೆಯ ಓದುಬಲ್ಲವನಿಂದ ಓದಿಸಿ ಕೇಳಿದ ಮೇಲೆಯೇ ಅವಳು ಎದ್ದದ್ದು.

ಗಿರಣಿಯ ಅಂಗಳದಲ್ಲಿ, ಎಲ್ಲರ ಎದುರಿಗೆ ಕೂತು ಹೆಣೆದಳು. ಜಡೆಪ್ಪ ಹತ್ತಿರ ಸರಿದು ಅವಳ ಬೆರಳು ನೋಡತೊಡಗಿದ. ಎಳೆ ಎಷ್ಟು ಬಿಗಿ, ಎಲ್ಲಿ ಸಡಿಲ, ಎಣ್ಣೆ ಯಾವಾಗ. ಎರ್ರೆಮ್ಮ ಅವನಿಗೆ ಬೆನ್ನು ತಿರುಗಿಸಿ ಕೂತಳು.

"ಕಲಿಯೂದಾದ್ರ ನನ್ನ ಕೂಲಿ ಕೊಡಿಸಿ ಕಲೀರಿ," ಎಂದಳು. ಗಾಡಿಯವರು ನಕ್ಕರು.

ಇಂಜಿನ್ ಓಡಿತು. ಜಡೆಪ್ಪ ಅವತ್ತು ವಿಭೂತಿ ಎಳೆಯಲಿಲ್ಲ. ಚೀಟಿಯನ್ನು ಒಯ್ದು ಕೊಟ್ರಯ್ಯನ ಗಲ್ಲಾದ ಮೇಲಿಟ್ಟ.

ಕೊಟ್ರಯ್ಯ ಎರಡೂ ಚೀಟಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದ. "ಕೆಟ್ಟೈತಿ ಅಂತ ಬರದಾಂವನೂ ನೀನ, ಕೆಟ್ಟಿಲ್ಲ ಅಂತ ಬರದಾಂವನೂ ನೀನ. ಯಾವುದು ಖರೆ? ಆ ಹನ್ನೊಂದು ವಾರ ನನ್ನ ಇಂಜಿನ್ ನಿಂತಿಲ್ಲ ಅಂತ ನೆಲ್ಲು ಹಾಕಿಸಿದ ಹತ್ತು ಮಂದಿ ಬಂದು ನನ್ನ ಮುಂದ ಹೇಳಲಿ. ಆಕಿ ಕೂಲಿ ಎಣಿಸಿ ಕೊಡ್ತೀನಿ."

ಯಾರೂ ಬರುವುದಿಲ್ಲ ಎಂಬ ಧೈರ್ಯದಲ್ಲಿ ಆಡಿದ ಮಾತು ಅದು. ಅಂಗಳದಲ್ಲಿ ನಗುತ್ತಿದ್ದವರು ಆಗಲೇ ಎತ್ತು ಕಟ್ಟತೊಡಗಿದ್ದರು. ಜಡೆಪ್ಪ ಸೈಕಲ್ ಹಿಡಿದು ಹಂಪಿಯ ಕಡೆ ಹೊರಟ, ಅಲ್ಲೊಂದು ತೋಟದ ಪಂಪು ಕೆಟ್ಟಿತ್ತು. ದಾರಿಯಲ್ಲಿ ಮರದಡಿ ನಿಂತು ಹತ್ತಿ ದಾರ ತೆಗೆದು ಹೆಣೆದು ನೋಡಿದ. ಬರಲಿಲ್ಲ. ಇವತ್ತಿಗೂ ಬರುವುದಿಲ್ಲ, ಇವತ್ತಿಗೂ ಅವಳ ಹೆಸರು ಎತ್ತಿದರೆ ಮುಖ ತಿರುಗಿಸುತ್ತಾನೆ. ಆದರೆ ಅವನು ಬರೆದದ್ದನ್ನು ಬರೆದಾಯಿತು.

ಎರ್ರೆಮ್ಮನ ಹೆರಳು ಇನ್ನೂ ಆ ಪಂಪಿನೊಳಗಿದೆ. ಅವಳನ್ನು ಮಾತ್ರ ಗಿರಣಿಯ ಬಾಗಿಲ ಒಳಗೆ ಬಿಟ್ಟಿಲ್ಲ. ಸಂಕ್ರಾಂತಿಯಿಂದ ಯುಗಾದಿಯವರೆಗೆ ಅಲ್ಲಿ ಭತ್ತ ಹಾಕಿಸಿದವರು ಬೇರೆ ಯಾರೂ ಅಲ್ಲ, ಇದನ್ನು ಓದುತ್ತಿರುವ ನೀವೇ. ಒಂದು ದಿನವೂ ಕಾಯದೆ ಅಕ್ಕಿ ಹೇರಿಕೊಂಡು ಮನೆಗೆ ಹೋದವರು ನೀವು. ಗಿರಣಿಯ ತೂಕದ ಚೀಟಿ ಜಂತಿಯಲ್ಲಿ ಸಿಕ್ಕಿಸಿಟ್ಟಿದ್ದೀರಿ, ಅದರ ಮೇಲೆ ತಾರೀಖು ಇದೆ. ಬರುವ ಸಂತೆಯ ದಿನ ಬೆಳಿಗ್ಗೆ ಆ ಚೀಟಿ ತೆಗೆದುಕೊಂಡು ಕೊಟ್ರಯ್ಯನ ಗಲ್ಲಾದ ಮುಂದೆ ನಿಲ್ಲಿ. ಹತ್ತು ಮಂದಿ ಸಾಕು. ನೀವು ಬರುತ್ತೀರೋ ಇಲ್ಲವೋ, ಹೇಳಿ.