ಕೀಬೋರ್ಡ್ ನನ್ನ ಕೈಯಲ್ಲಿದ್ದಾಗ

ಗಣಿ ಜೋರಾಗಿದ್ದ ದಿನಗಳಲ್ಲಿ ನಾನು ಹೊಸಪೇಟೆಯಲ್ಲಿ ನರ್ಸಿಂಗ್ ಓದುತ್ತಿದ್ದೆ. ಬೆಂಗಳೂರಿನ ಸರ್ ಒಬ್ಬರಿಗೆ ನಮಗೆ ಇಂಟರ್‌ನೆಟ್‌ನಲ್ಲಿ ಮೂರು ಮೂರು ಜನರ ತಂಡ ಕಟ್ಟಿ ಪಾಠ ಮಾಡುವ ಹುಮ್ಮಸ್ಸು ಬಂತು. ನಾಲ್ಕು ವಾರ, ನಾಲ್ಕು ಪಾಠ. ಮೊದಲು ಒಬ್ಬೊಬ್ಬರೇ ಉತ್ತರ ಬರೆದು ಕಾಲೇಜಿನ ಮೇಡಂಗೆ ಕೊಡಬೇಕು. ಆಮೇಲೆ ಸೈಬರ್ ಕೆಫೆಯಲ್ಲಿ ಮೂವರೂ ಕೂತು, ಅವೇ ಪ್ರಶ್ನೆಗಳನ್ನು ಚರ್ಚಿಸಿ, ಎ, ಬಿ, ಸಿ, ಡಿಯಲ್ಲಿ ಒಂದನ್ನು ಒತ್ತಿ ಕಳಿಸಬೇಕು. ಎರಡೂ ಅಂಕ ಸೇರಿ ಇಡೀ ತರಗತಿಗೆ ಮೊದಲು ಬಂದವಳಿಗೆ ಆಪರೇಷನ್ ಥಿಯೇಟರ್ ಪೋಸ್ಟಿಂಗ್.

ನಮ್ಮ ತಂಡದಲ್ಲಿ ದೋಣಿಮಲೈ ಗಣಿ ಕ್ವಾರ್ಟರ್ಸಿನ ಒಬ್ಬಳು, ಮೆಟ್ರಿ ಊರಿನ ಒಬ್ಬಳು, ನಾನು. ಥಿಯೇಟರ್ ಬೇಕಿದ್ದದ್ದು ಮೆಟ್ರಿಯವಳಿಗೆ. ಹಾಸ್ಟೆಲಿನ ಕಿಟಕಿ ಸರಳಿಗೆ ದಾರ ಕಟ್ಟಿ ಆಪರೇಷನ್ ಹೊಲಿಗೆಯ ಗಂಟು ಹಾಕುವುದನ್ನು ದಿನಾ ರೂಢಿ ಮಾಡುತ್ತಿದ್ದಳು. ನನಗೆ ಬೇಕಿದ್ದದ್ದು ಕೀಬೋರ್ಡ್. ಟೈಪಿಂಗ್ ಜೂನಿಯರ್ ಪರೀಕ್ಷೆ ಪಾಸಾದವಳು ನಾನೊಬ್ಬಳೇ ಅಲ್ಲವೇ! ಒಂದು ಅಕ್ಷರ ಒತ್ತಲು ಜೂನಿಯರ್ ಯಾಕೆ ಬೇಕೆಂದು ಯಾರೂ ಕೇಳಲಿಲ್ಲ. ಅದಿರಿನ ಲಾರಿಗಳ ಕೆಂಪು ಧೂಳನ್ನು ಕರ್ಚೀಫಿನಲ್ಲಿ ಒರೆಸಿ, ಬೆರಳು ಮುರಿದು, ಗತ್ತಿನಿಂದ ಕೂರುತ್ತಿದ್ದೆ.

ಒಮ್ಮೆ ಪ್ರಶ್ನೆ ಬಂತು: ಭೇದಿಯಾದ ಮಗು, ಮಂಪರು, ಕುಡಿಯಲೂ ಆಗುತ್ತಿಲ್ಲ. ಮೊದಲು ಏನು ಕೊಡುತ್ತೀರಿ?

"ಓಆರ್‌ಎಸ್," ಅಂದೆ ನಾನು.

"ಕುಡಿಯಾಕ ಆಗಲ್ಲಂದ್ರ ಬಾಯಿಗೆ ಹೆಂಗ ಹಾಕ್ತೀ? ಡ್ರಿಪ್ ಹಚ್ಚಬೇಕು," ಅಂದಳು ಮೆಟ್ರಿಯವಳು, ಮೆಲ್ಲಗೆ.

ಅವಳು ಮಾತು ಮುಗಿಸುವಷ್ಟರಲ್ಲಿ ನಾನು ಓಆರ್‌ಎಸ್ ಒತ್ತಿಯಾಗಿತ್ತು.

ಮೂರನೇ ಪಾಠ ಮುಗಿದ ಮೇಲೆ ಸರ್ ಅವರ ಮೇಲ್ ಬಂತು. 'ತಂಡದ ಅಂಕ ತಂಡದ ಜಾಣೆಯ ಅಂಕಕ್ಕಿಂತ ಕಡಿಮೆ ಇರಬಾರದು. ನಿಮ್ಮಲ್ಲಿ ಒಬ್ಬಳಿಗೆ ಪ್ರತಿ ಸಲವೂ ಪೂರ್ತಿ ಅಂಕ, ತಂಡಕ್ಕೆ ಮಾತ್ರ ಅರ್ಧ. ಯಾಕೆ?' ಆ ಒಬ್ಬಳು ಯಾರೆಂದು ನನಗೆ ಗೊತ್ತಿತ್ತು.

"ದೇವ್ರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅಂದಂಗಾತು," ಅಂತ ದೋಣಿಮಲೈಯವಳು ನನ್ನನ್ನೇ ನೋಡಿ ನಕ್ಕಳು. ಮೆಟ್ರಿಯವಳು ನಗಲಿಲ್ಲ. "ನಂಗ ಥಿಯೇಟರ್ ಹೋತು," ಅಂದಳು. ನನಗೆ ನಾಚಿಕೆಯಾಯಿತು.

ಕೊನೆಯ ಪಾಠಕ್ಕೆ ನಾನೇ ಎದ್ದು ಅವಳಿಗೆ ಕುರ್ಚಿ ಬಿಟ್ಟೆ. ಹುಟ್ಟುಗುಣ ಸುಟ್ಟರೂ ಹೋಗದು. ಒಂದು ಪ್ರಶ್ನೆಗೆ ಹಿಂದಿನಿಂದ ಕೈ ಚಾಚಿದೆ. "ಲೇ, ಕೈ ತೆಗಿ!" ಅಂತ ಪಟ್ಟನೆ ಹೊಡೆದಳು. ತಂಡಕ್ಕೆ ಪೂರ್ತಿ ಅಂಕ ಬಂತು. ಎಲ್ಲ ಸೇರಿಸಿದಾಗ ಅವಳು ಕೂದಲೆಳೆಯ ಅಂತರದಲ್ಲಿ ತರಗತಿಗೇ ಮೊದಲು ಬಂದಳು, ಥಿಯೇಟರ್ ಅವಳಿಗೇ ಸಿಕ್ಕಿತು.

ಆಮೇಲೆ ಒಂದು ಫಾರ್ಮ್ ಬಂತು. ಈ ಪಾಠ ತೃಪ್ತಿ ತಂದಿತೇ, ತಂಡದಲ್ಲಿ ನಿಮ್ಮ ಮಾತಿಗೆ ಬೆಲೆ ಸಿಕ್ಕಿತೇ? ಒಂದರಿಂದ ಐದರೊಳಗೆ ಅಂಕ ಕೊಡಿ. ಮತ್ತೆ ಕುರ್ಚಿ ಹಿಡಿದಿದ್ದ ನಾನು ನನ್ನದಕ್ಕೆ ಐದು, ಐದು ಒತ್ತಿ ಕಳಿಸಿ, ಮೆಟ್ರಿಯವಳ ಫಾರ್ಮ್ ತೆರೆದೆ.

"ಅತ್ಲಾಗ ಸರಿ, ನಂದು ನಾನ ಒತ್ತತೀನಿ," ಅಂದಳು. ಒಂದೇ ಬೆರಳಲ್ಲಿ ಹುಡುಕಿ, ಮಾತಿನ ಬೆಲೆಗೆ ಎರಡು ಒತ್ತಿದಳು.

"ಎರಡಾ?"

"ನಾಕು ಪಾಠದಾಗ ನನ್ನ ಮಾತು ನಡೆದಿದ್ದು ಒಂದರಾಗ. ಅದಕ್ಕ ಒಂದು. ನೀ ಎದ್ದು ಕುರ್ಚಿ ಬಿಟ್ಟಿಯಲ್ಲ, ಅದಕ್ಕ ಇನ್ನೊಂದು."

ನನ್ನ ಐದನ್ನು ತಿದ್ದೋಣವೆಂದುಕೊಂಡೆ. ಅದು ಆಗಲೇ ಬೆಂಗಳೂರು ಸೇರಿತ್ತು. ಕಳಿಸಿದ್ದನ್ನು ಹಿಂದಕ್ಕೆ ತರುವುದನ್ನು ಟೈಪಿಂಗ್ ಜೂನಿಯರಿನಲ್ಲಿ ಯಾರೂ ಕಲಿಸಿರಲಿಲ್ಲ.